‘ನಾಳೆ ಬರುತ್ತೇನೆ’ ಎನ್ನಲು ಇಂಗ್ಲಿಷಿನಲ್ಲಿ ಐದು ದಾರಿ: ಭವಿಷ್ಯತ್ಕಾಲವನ್ನು ಕಟ್ಟುವ ಮತ್ತು ಬಳಸುವ ಬಗೆ

‘ನಾಳೆ ಬರುತ್ತೇನೆ’ ಎಂಬ ಎರಡು ಪದದ ಮಾತನ್ನು ಇಂಗ್ಲಿಷಿಗೆ ತರಲು ಹೊರಟರೆ ಎದುರಿಗೆ ಐದು ವಾಕ್ಯಗಳು ಬಂದು ನಿಲ್ಲುತ್ತವೆ: ‘ಐ ವಿಲ್ ಕಮ್ ಟುಮಾರೋ’, ‘ಐ ಯಾಮ್ ಗೋಯಿಂಗ್ ಟು ಕಮ್ ಟುಮಾರೋ’, ‘ಐ ಯಾಮ್ ಕಮಿಂಗ್ ಟುಮಾರೋ’, ‘ಐ ವಿಲ್ ಬಿ ಕಮಿಂಗ್ ಟುಮಾರೋ’, ‘ಐ ಶ್ಯಾಲ್ ಕಮ್ ಟುಮಾರೋ’. ಐದೂ ವ್ಯಾಕರಣಕ್ಕೆ ಒಪ್ಪುವ ವಾಕ್ಯಗಳೇ; ಐದರಲ್ಲೂ ಬರುವ ದಿನ ನಾಳೆಯೇ. ಆದರೂ ಇಂಗ್ಲಿಷ್ ಮನೆಮಾತಾಗಿರುವವರ ಕಿವಿಗೆ ಅವು ಒಂದೇ ಮಾತಾಗಿ ಕೇಳಿಸುವುದಿಲ್ಲ. ಮೊದಲನೆಯದರಲ್ಲಿ ಬರುವ ನಿರ್ಧಾರ ಈಗಷ್ಟೇ ಆದಂತಿದೆ, ಇಲ್ಲವೇ ಮಾತು ಕೊಟ್ಟಂತಿದೆ. ಎರಡನೆಯದರಲ್ಲಿ ಮನಸ್ಸಿನೊಳಗೆ ಮೊದಲೇ ಕೂತಿರುವ ಉದ್ದೇಶವಿದೆ. ಮೂರನೆಯದರಲ್ಲಿ ಆ ಕಡೆಯವರಿಗೂ ತಿಳಿದಿರುವ ಏರ್ಪಾಡಿದೆ. ನಾಲ್ಕನೆಯದರಲ್ಲಿ ‘ಹೇಗೂ ಬರುವುದಿದೆ’ ಎಂಬ ಧಾಟಿಯಿದೆ. ಐದನೆಯದು ಇಂದಿನ ಮಾತಿಗಿಂತ ಹಳೆಯ ಕಾಗದಪತ್ರಗಳಿಗೆ ಹೆಚ್ಚು ಹೊಂದುತ್ತದೆ.

ಶಾಲೆಯ ಪುಸ್ತಕಗಳಲ್ಲಿ ಭವಿಷ್ಯತ್ಕಾಲಕ್ಕೆಂದು ನಾಲ್ಕು ಮನೆಗಳ ಒಂದು ಕೋಷ್ಟಕವಿರುತ್ತದೆ. ಅದು ವಾಕ್ಯವನ್ನು ಕಟ್ಟುವ ಕ್ರಮವನ್ನು ಸರಿಯಾಗಿಯೇ ತೋರಿಸುತ್ತದೆ, ಆದರೆ ಯಾವ ಸಂದರ್ಭಕ್ಕೆ ಯಾವ ಮನೆಯೊಳಗೆ ಹೋಗಬೇಕೆಂಬುದನ್ನು ಹೇಳುವುದಿಲ್ಲ. ಹೀಗಾಗಿ ಕೋಷ್ಟಕವನ್ನು ಬಾಯಿಪಾಠ ಮಾಡಿ ನೂರಕ್ಕೆ ತೊಂಬತ್ತು ಅಂಕ ತೆಗೆದುಕೊಂಡವರೂ ಕಚೇರಿಯಲ್ಲಿ ಒಂದು ರಜೆಯ ಮೇಲ್ ಬರೆಯುವಾಗ ತಡವರಿಸುತ್ತಾರೆ. ಈ ಬರಹದಲ್ಲಿ ಕಟ್ಟುವ ಕ್ರಮವನ್ನು ಬೇಗ ಮುಗಿಸಿ, ಆರಿಸಿಕೊಳ್ಳುವ ಬಗೆಗೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಮೊದಲು ಒಂದು ಮೂಲ ಸಂಗತಿ. ಕನ್ನಡದಲ್ಲಿ ‘ಮಾಡು’ ಎಂಬ ಧಾತುವಿಗೆ ‘ದ’ ಸೇರಿದರೆ ‘ಮಾಡಿದನು’, ‘ಉತ್ತ’ ಸೇರಿದರೆ ‘ಮಾಡುತ್ತಾನೆ’, ‘ಉವ’ ಸೇರಿದರೆ ‘ಮಾಡುವನು’ ಎಂದಾಗುತ್ತದೆ. ಇಂಗ್ಲಿಷ್ ಕ್ರಿಯಾಪದಕ್ಕೆ ಇವುಗಳಲ್ಲಿ ಮೊದಲಿನ ಎರಡಕ್ಕೆ ಮಾತ್ರ ಸ್ವಂತ ರೂಪಗಳಿವೆ: ‘ವಾಕ್ಡ್’, ‘ವಾಕ್ಸ್’. ಮೂರನೆಯದಕ್ಕೆ ಪ್ರತ್ಯಯವೇ ಇಲ್ಲ. ಆಧುನಿಕ ವ್ಯಾಕರಣಕಾರರಲ್ಲಿ ಹಲವರು ಇಂಗ್ಲಿಷಿನಲ್ಲಿ ಭವಿಷ್ಯತ್ಕಾಲವೇ ಇಲ್ಲ, ಮುಂದಿನದನ್ನು ಹೇಳುವ ಹಲವು ಉಪಾಯಗಳಷ್ಟೇ ಇವೆ ಎನ್ನುವುದು ಇದೇ ಕಾರಣಕ್ಕೆ. ಆ ಉಪಾಯಗಳೆಲ್ಲ ಬೇರೆ ಕೆಲಸದಿಂದ ಎರವಲು ಬಂದ ಪದಗಳು. ‘ವಿಲ್’ ಎಂಬುದು ಹಳೆಯ ಇಂಗ್ಲಿಷಿನಲ್ಲಿ ಬಯಸುವುದು, ‘ಶ್ಯಾಲ್’ ಎಂಬುದು ಋಣಕ್ಕೆ ಕಟ್ಟುಬಿದ್ದಿರುವುದು, ‘ಗೋಯಿಂಗ್ ಟು’ ಎಂಬುದು ಅಕ್ಷರಶಃ ಹೊರಟಿರುವುದು. ಬಯಕೆ, ಬಾಧ್ಯತೆ, ಹೊರಡುವಿಕೆ ಎಂಬ ಹಳೆಯ ಅರ್ಥಗಳು ಪೂರ್ತಿ ಅಳಿಸಿಹೋಗಿಲ್ಲವಾದ್ದರಿಂದಲೇ ಈ ಮೂರು ಇಂದಿಗೂ ಒಂದರ ಜಾಗದಲ್ಲಿ ಇನ್ನೊಂದು ನಿಲ್ಲುವುದಿಲ್ಲ.

ಇತ್ತ ಕನ್ನಡದ ಆಡುಮಾತೂ ‘ಮಾಡುವನು’ ಎಂಬುದನ್ನು ಬಹುಮಟ್ಟಿಗೆ ಪುಸ್ತಕಕ್ಕೆ ಬಿಟ್ಟುಕೊಟ್ಟು, ದಿನನಿತ್ಯದ ವಾಡಿಕೆಗೂ ನಾಳೆಯ ಕೆಲಸಕ್ಕೂ ‘ಮಾಡುತ್ತಾನೆ’ ಎಂಬ ಒಂದೇ ರೂಪವನ್ನು ಬಳಸುತ್ತದೆ. ಕನ್ನಡಿಗರು ಇಂಗ್ಲಿಷಿನ ಭವಿಷ್ಯದಲ್ಲಿ ಮಾಡುವ ತಪ್ಪುಗಳಲ್ಲಿ ಅರ್ಧದಷ್ಟು ಈ ಒಂದು ಜಾಗದಿಂದಲೇ ಹುಟ್ಟುತ್ತವೆ ಎಂಬುದು ನನ್ನ ಅನುಭವ.

ಇಂಗ್ಲಿಷ್ ಬಯಸುವ ವ್ಯತ್ಯಾಸಗಳು ಕನ್ನಡಕ್ಕೆ ಹೊಸವೇನಲ್ಲ. ‘ಬರೋಣ ಅಂತಿದ್ದೇನೆ’ ಎಂದಾಗ ಉದ್ದೇಶ ತಿಳಿಯುತ್ತದೆ. ‘ಅವನು ನಾಳೆ ಬರುವವನಿದ್ದಾನೆ’ ಎಂದಾಗ ಏರ್ಪಾಡು ತಿಳಿಯುತ್ತದೆ. ‘ಮಳೆ ಬರುವ ಹಾಗಿದೆ’ ಎಂದಾಗ ಕಣ್ಣೆದುರಿನ ಲಕ್ಷಣ ತಿಳಿಯುತ್ತದೆ. ‘ಬಂದಾನು’ ಎಂಬ ಸಂಭಾವನಾರ್ಥಕ ರೂಪದಲ್ಲಿ ಅನುಮಾನವಿದೆ. ‘ಸಭೆ ನಡೆಯಲಿದೆ’ ಎಂಬ ಪತ್ರಿಕೆಯ ವಾಕ್ಯದಲ್ಲಿ ಅಧಿಕೃತ ಪ್ರಕಟಣೆಯ ದನಿಯಿದೆ. ಆದ್ದರಿಂದ ಇಂಗ್ಲಿಷಿಗೆ ಕೈಹಾಕುವ ಮೊದಲು ಮಾಡಬೇಕಾದ ಕೆಲಸ ಇಷ್ಟೇ: ಮನಸ್ಸಿನಲ್ಲಿರುವ ‘ಬರುತ್ತೇನೆ’, ‘ಆಗುತ್ತದೆ’ ಎಂಬ ಮಾತನ್ನು ಈ ರೂಪಗಳಲ್ಲಿ ಯಾವುದಕ್ಕೆ ಹಿಗ್ಗಿಸಬಹುದೆಂದು ಕೇಳಿಕೊಳ್ಳುವುದು. ಹಾಗೆ ಹಿಗ್ಗಿಸಿದ ಮೇಲೆ ಇಂಗ್ಲಿಷಿನ ರೂಪ ಬಹುಪಾಲು ತಾನಾಗಿ ಒದಗುತ್ತದೆ.

ವಿಲ್: ಕಟ್ಟುವ ಕ್ರಮ

‘ವಿಲ್’ ಆದ ಮೇಲೆ ಬರುವುದು ಯಾವ ಪ್ರತ್ಯಯವೂ ಇಲ್ಲದ ಬರಿಯ ಧಾತು. ಕರ್ತೃ ಯಾರೇ ಆಗಿರಲಿ, ಒಬ್ಬರಿರಲಿ ಹಲವರಿರಲಿ, ರೂಪ ಬದಲಾಗುವುದಿಲ್ಲ: ‘ಐ ವಿಲ್ ಗೋ’, ‘ಶಿ ವಿಲ್ ಗೋ’, ‘ದೇ ವಿಲ್ ಗೋ’. ‘ಶಿ ವಿಲ್ ಗೋಸ್’, ‘ಶಿ ವಿಲ್ ಟು ಗೋ’, ‘ಶಿ ವಿಲ್ ವೆಂಟ್’ ಈ ಮೂರೂ ತಪ್ಪು. ಪ್ರಶ್ನೆಯಲ್ಲಿ ‘ವಿಲ್’ ಕರ್ತೃವಿನ ಮುಂದಕ್ಕೆ ಜಿಗಿಯುತ್ತದೆ: ‘ವಿಲ್ ಶಿ ಗೋ?’ ನಿಷೇಧದಲ್ಲಿ ‘ವಿಲ್ ನಾಟ್’ ಎಂದಾಗಿ, ಮಾತಿನಲ್ಲಿ ‘ವೋಂಟ್’ ಎಂದು ಕುಗ್ಗುತ್ತದೆ.

ಎರಡು ಕಡೆ ಎಚ್ಚರ ಬೇಕು. ‘ನಾನು ನಾಳೆ ಬ್ಯುಸಿ’ ಎಂಬ ಕನ್ನಡ ವಾಕ್ಯಕ್ಕೆ ಕ್ರಿಯಾಪದವೇ ಬೇಡವಾದ್ದರಿಂದ ‘ಐ ವಿಲ್ ಬ್ಯುಸಿ ಟುಮಾರೋ’ ಎಂಬ ವಾಕ್ಯ ಬಾಯಿಗೆ ಸುಲಭವಾಗಿ ಬಂದುಬಿಡುತ್ತದೆ. ‘ವಿಲ್’ ಆದ ಮೇಲೆ ಒಂದು ಕ್ರಿಯಾಪದ ಇರಲೇಬೇಕು, ಬೇರೇನೂ ಇಲ್ಲದಿದ್ದರೆ ‘ಬಿ’ಯಾದರೂ ಇರಬೇಕು: ‘ಐ ವಿಲ್ ಬಿ ಬ್ಯುಸಿ ಟುಮಾರೋ’. ಇನ್ನೊಂದು, ‘ವಿಲ್’ ಜೊತೆಗೆ ‘ಕ್ಯಾನ್’, ‘ಮಸ್ಟ್’ ಕೂರುವುದಿಲ್ಲ. ಒಂದು ನೊಗಕ್ಕೆ ಒಂದೇ ಬಗೆಯ ಎರಡು ಎತ್ತುಗಳನ್ನು ಇಂಗ್ಲಿಷ್ ಕಟ್ಟುವುದಿಲ್ಲ. ‘ನಾಳೆ ಬರಲು ಆಗುತ್ತದೆ’ ಎಂಬುದು ‘ಐ ವಿಲ್ ಬಿ ಏಬಲ್ ಟು ಕಮ್ ಟುಮಾರೋ’, ‘ನಾಳೆ ಬರಲೇಬೇಕಾಗುತ್ತದೆ’ ಎಂಬುದು ‘ಐ ವಿಲ್ ಹ್ಯಾವ್ ಟು ಕಮ್ ಟುಮಾರೋ’.

ಉಚ್ಚಾರಣೆಯ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಮಾತಿನಲ್ಲಿ ‘ಐ ವಿಲ್’ ಎಂಬುದು ‘ಐಲ್’ ಎಂದೂ, ‘ಹಿ ವಿಲ್’ ಎಂಬುದು ‘ಹೀಲ್’ ಎಂದೂ ಕುಗ್ಗುವುದು ಸಹಜ. ಪ್ರತಿ ಸಲವೂ ‘ವಿಲ್’ ಎಂದು ಒತ್ತಿ ಹೇಳಿದರೆ ಹಟ ಹಿಡಿದಂತೆ ಅಥವಾ ಪ್ರತಿಜ್ಞೆ ಮಾಡಿದಂತೆ ಕೇಳಿಸುತ್ತದೆ. ಅದಕ್ಕಿಂತ ಮುಖ್ಯವಾದದ್ದು ‘ವೋಂಟ್’. ಇದರ ಸ್ವರ ‘ಓಟ’ದ ‘ಓ’ದಂತೆ ದೀರ್ಘವಾಗಿರಬೇಕು. ಅದನ್ನು ಬಾಯಿ ತೆರೆದು ‘ವಾಂಟ್’ ಎಂದರೆ ಬೇಕು ಎಂಬ ಅರ್ಥದ ಪದವಾಗಿ, ಬರುವುದಿಲ್ಲ ಎಂದವರು ಬರಬೇಕು ಎಂದಂತಾಗುತ್ತದೆ. ಫೋನಿನಲ್ಲಿ ಈ ಎಡವಟ್ಟು ಆಗುವುದು ಅಪರೂಪವಲ್ಲ. ‘ವಿಲ್’ ಎಂಬುದರ ನಿಷೇಧ ‘ವಿಲ್ನ್ಟ್’ ಎಂದಾಗದೆ ‘ವೋಂಟ್’ ಎಂದಾಗಿರುವುದಕ್ಕೆ ಕಾರಣ ಅದಕ್ಕಿದ್ದ ‘ವೊಲ್’ ಎಂಬ ಹಳೆಯ ರೂಪ. ಆ ರೂಪ ಸತ್ತುಹೋಗಿದ್ದರೂ ನಿಷೇಧದೊಳಗೆ ಅದರ ಸ್ವರ ಉಳಿದುಕೊಂಡಿದೆ.

ಯಾವ ಆಧಾರದ ಮೇಲೆ ಹೇಳುತ್ತಿದ್ದೀರಿ?

ಮನೆಯಲ್ಲಿ ಯಾರೋ ‘ಹಾಲು ಮುಗಿದಿದೆ’ ಎನ್ನುತ್ತಾರೆ. ಆ ಮಾತು ಕಿವಿಗೆ ಬಿದ್ದ ಮೇಲೆ ‘ಹೌದೇ, ತರುತ್ತೇನೆ’ ಎಂದು ಎದ್ದರೆ ಅದು ‘ಐಲ್ ಗೆಟ್ ಸಮ್’. ನಿರ್ಧಾರ ಹುಟ್ಟಿದ್ದು ಆ ಕ್ಷಣದಲ್ಲಿ, ಆ ಮಾತಿನಿಂದ. ಹಾಲು ಮುಗಿದದ್ದು ಮೊದಲೇ ಗೊತ್ತಿದ್ದು, ಕೈಯಲ್ಲಿ ಚೀಲ ಹಿಡಿದು ಬಾಗಿಲಲ್ಲಿ ನಿಂತಿರುವಾಗ ಅದೇ ಮಾತು ಬಂದರೆ ಉತ್ತರ ‘ಐ ನೋ, ಐ ಯಾಮ್ ಗೋಯಿಂಗ್ ಟು ಗೆಟ್ ಸಮ್’. ಇವೆರಡನ್ನು ಅದಲುಬದಲು ಮಾಡಿ ನೋಡಿದರೆ ವ್ಯತ್ಯಾಸ ನಿಚ್ಚಳವಾಗುತ್ತದೆ. ಸುದ್ದಿ ಈಗಷ್ಟೇ ತಿಳಿದವನು ‘ಗೋಯಿಂಗ್ ಟು’ ಎಂದರೆ ತನಗೆ ಮೊದಲೇ ಗೊತ್ತಿತ್ತೆಂದು ತೋರಿಸಿಕೊಂಡಂತಾಗುತ್ತದೆ. ಚೀಲ ಹಿಡಿದವನು ‘ಐಲ್ ಗೆಟ್ ಸಮ್’ ಎಂದರೆ ಹೊರಟಿದ್ದು ಬೇರೆಲ್ಲಿಗೋ, ಹಾಲಿನ ನೆನಪಾದದ್ದು ಈಗ ಎಂದಾಗುತ್ತದೆ. ಹೋಟೆಲಿನಲ್ಲಿ ಮಾಣಿ ಬಂದು ನಿಂತಾಗ ‘ಐಲ್ ಹ್ಯಾವ್ ಎ ಮಸಾಲೆ ದೋಸೆ’ ಎನ್ನುವುದೂ, ಕರೆಗಂಟೆ ಕೇಳಿದಾಗ ‘ಐಲ್ ಗೆಟ್ ಇಟ್’ ಎನ್ನುವುದೂ ಇದೇ ತತ್‌ಕ್ಷಣದ ನಿರ್ಧಾರದಿಂದ. ಮಾತು ಕೊಡುವುದು, ಸಹಾಯಕ್ಕೆ ಮುಂದಾಗುವುದು, ಎಚ್ಚರಿಸುವುದು ಇವೂ ‘ವಿಲ್’ ಪಾಲಿಗೇ ಬರುತ್ತವೆ. ಆಡುವ ಮಾತೇ ಅಲ್ಲಿ ಕ್ರಿಯೆಯಾಗಿರುತ್ತದೆ.

ಮುಂದೆ ಆಗುವುದನ್ನು ಊಹಿಸುವಾಗಲೂ ಇದೇ ಸೀಳು ಕಾಣುತ್ತದೆ. ಮಧ್ಯಾಹ್ನ ಮೂರು ಗಂಟೆಗೆ ಪಶ್ಚಿಮದಲ್ಲಿ ಕಪ್ಪಿಟ್ಟುಕೊಂಡು, ಗಾಳಿಗೆ ಒದ್ದೆ ಮಣ್ಣಿನ ವಾಸನೆ ಬಂದಿದ್ದರೆ ‘ಇಟ್ ಈಸ್ ಗೋಯಿಂಗ್ ಟು ರೈನ್’, ಅಂದರೆ ಮಳೆ ಬರುವ ಹಾಗಿದೆ. ಏಣಿಯ ಮೇಲಿನ ಹುಡುಗನ ಕಾಲು ಜಾರುತ್ತಿದ್ದರೆ ‘ಹಿ ಈಸ್ ಗೋಯಿಂಗ್ ಟು ಫಾಲ್’. ಆ ಗಳಿಗೆಯಲ್ಲಿ ‘ಹಿ ವಿಲ್ ಫಾಲ್’ ಎನ್ನುವುದು ಜ್ಯೋತಿಷ ಹೇಳಿದಂತಿರುತ್ತದೆ. ಲಕ್ಷಣ ಕಣ್ಣೆದುರು ಇಲ್ಲದೆ, ತಿಳಿವಳಿಕೆಯ ಅಥವಾ ನಂಬಿಕೆಯ ಬಲದಿಂದ ಹೇಳುವ ಊಹೆಗೆ ‘ವಿಲ್’ ಒಪ್ಪುತ್ತದೆ, ಮತ್ತು ಅದರೊಂದಿಗೆ ‘ಐ ಥಿಂಕ್’, ‘ಪ್ರಾಬಬ್ಲಿ’, ‘ಐ ಯಾಮ್ ಶುವರ್’ ಎಂಬ ಮಾತುಗಳು ಆಗಾಗ ಸೇರಿಕೊಳ್ಳುತ್ತವೆ: ‘ಐ ಥಿಂಕ್ ಶಿ ವಿಲ್ ಪಾಸ್’. ‘ಬಂದಾನು, ಹೇಳಲಾಗದು’ ಎಂಬಷ್ಟು ಅನುಮಾನವಿದ್ದರೆ ‘ವಿಲ್’ ಹೆಚ್ಚಾಯಿತು. ಅಲ್ಲಿ ‘ಹಿ ಮೇ ಕಮ್’ ಅಥವಾ ‘ಹಿ ಮೈಟ್ ಕಮ್’ ಸಾಕು. ಇನ್ನೇನು ಈ ಕ್ಷಣ ಆಗಿಬಿಡುತ್ತದೆ ಎಂಬುದಕ್ಕೆ ‘ಅಬೌಟ್ ಟು’ ಇದೆ: ‘ದಿ ಬಸ್ ಈಸ್ ಅಬೌಟ್ ಟು ಲೀವ್’.

‘ಬರುವವನಿದ್ದಾನೆ’ ಎಂದು ಹಿಗ್ಗಿಸಬಹುದಾದ ಮಾತುಗಳಿಗೆ ವರ್ತಮಾನಕಾಲದ ‘ಇಂಗ್’ ರೂಪ ಹೊಂದುತ್ತದೆ. ನಾಳೆ ಹತ್ತಕ್ಕೆ ದಂತವೈದ್ಯರಲ್ಲಿ ಸಮಯ ಗೊತ್ತುಮಾಡಿಕೊಂಡಿದ್ದರೆ ‘ಐ ಯಾಮ್ ಸೀಯಿಂಗ್ ದಿ ಡೆಂಟಿಸ್ಟ್ ಅಟ್ ಟೆನ್ ಟುಮಾರೋ’. ಇಲ್ಲಿ ಎರಡನೆಯ ವ್ಯಕ್ತಿಗೂ ವಿಷಯ ಗೊತ್ತು, ಡೈರಿಯಲ್ಲಿ ಬರೆದೂ ಆಗಿದೆ. ಮನಸ್ಸಿನೊಳಗಷ್ಟೇ ಇರುವ ಉದ್ದೇಶ ‘ಗೋಯಿಂಗ್ ಟು’, ಡೈರಿಗೆ ಇಳಿದ ಏರ್ಪಾಡು ‘ಇಂಗ್’ ಎಂದಿಟ್ಟುಕೊಂಡರೆ ಬಹುಪಾಲು ಸರಿಹೋಗುತ್ತದೆ; ಗಡಿಯಲ್ಲಿ ಎರಡೂ ನಡೆಯುವ ಸಂದರ್ಭಗಳೂ ಸಾಕಷ್ಟಿವೆ, ಅಲ್ಲಿ ತಲೆ ಕೆಡಿಸಿಕೊಳ್ಳುವ ಅಗತ್ಯವಿಲ್ಲ. ಆದರೆ ಯಾರ ಏರ್ಪಾಡಿಗೂ ಒಳಪಡದ ಸಂಗತಿಗೆ ಈ ರೂಪ ಸಲ್ಲದು. ‘ಇಟ್ ಈಸ್ ರೈನಿಂಗ್ ಟುಮಾರೋ’ ಎಂದರೆ ಮಳೆಯ ಅಪಾಯಿಂಟ್‌ಮೆಂಟ್ ತೆಗೆದುಕೊಂಡಂತೆ.

ವೇಳಾಪಟ್ಟಿಗೆ ಸೇರಿದ್ದಕ್ಕೆ ಬರಿಯ ವರ್ತಮಾನಕಾಲ ಸಾಕು: ‘ದಿ ಟ್ರೈನ್ ಲೀವ್ಸ್ ಅಟ್ ಸಿಕ್ಸ್ ಟುಮಾರೋ’, ‘ದಿ ಎಕ್ಸಾಮ್ಸ್ ಸ್ಟಾರ್ಟ್ ನೆಕ್ಸ್ಟ್ ಮಂಡೇ’. ಇದರಲ್ಲಿ ಕನ್ನಡಿಗರಿಗೆ ಕಷ್ಟವೇನೂ ಇಲ್ಲ, ‘ಬುಧವಾರ ಮದುವೆ ಇದೆ’ ಎನ್ನುವಾಗ ನಾವೂ ಭವಿಷ್ಯವನ್ನು ವರ್ತಮಾನದಲ್ಲೇ ಹೇಳುತ್ತೇವೆ. ‘ದಿ ವೆಡಿಂಗ್ ಈಸ್ ಆನ್ ವೆಡ್ನೆಸ್‌ಡೇ’. ಪತ್ರಿಕೆಯ ‘ನಡೆಯಲಿದೆ’ ಎಂಬುದಕ್ಕೆ ಸಮೀಪದ್ದು ‘ಈಸ್ ಟು’ ರೂಪ. ತಲೆಬರಹದಲ್ಲಿ ಅದರ ‘ಈಸ್’ ಕೂಡ ಉದುರಿ ‘ಸಿಎಂ ಟು ವಿಸಿಟ್ ಮಂಗಳೂರು’ ಎಂದಷ್ಟೇ ಉಳಿಯುತ್ತದೆ. ಅದನ್ನು ನೋಡಿ ಮಾತಿನಲ್ಲಿ ಹಾಗೆ ಬಳಸಬಾರದು.

‘ಬರುವುದಿಲ್ಲ’ ಎಂಬ ಒಂದೇ ಮಾತು

‘ನಾನು ಮಾಂಸ ತಿನ್ನುವುದಿಲ್ಲ’, ‘ನಾನು ನಾಳೆ ತಿನ್ನುವುದಿಲ್ಲ, ಉಪವಾಸ’. ಕನ್ನಡದಲ್ಲಿ ಎರಡಕ್ಕೂ ಒಂದೇ ರೂಪ. ಇಂಗ್ಲಿಷಿನಲ್ಲಿ ಮೊದಲನೆಯದು ವಾಡಿಕೆಯ ನಿಷೇಧವಾದ್ದರಿಂದ ‘ಐ ಡೋಂಟ್ ಈಟ್ ಮೀಟ್’. ಎರಡನೆಯದು ಮುಂದಿನದರ ನಿಷೇಧವಾದ್ದರಿಂದ ‘ಐ ವೋಂಟ್ ಈಟ್ ಟುಮಾರೋ’. ‘ಐ ಡೋಂಟ್ ಕಮ್ ಟುಮಾರೋ’ ಎಂಬ ವಾಕ್ಯ ನಮ್ಮಲ್ಲಿ ಎಷ್ಟು ಬಳಕೆಯಲ್ಲಿದೆಯೆಂದರೆ ಅದು ತಪ್ಪೆಂದೇ ಅನ್ನಿಸುವುದಿಲ್ಲ. ಹಾಗೆಯೇ ‘ಐ ವೋಂಟ್ ಈಟ್ ಮೀಟ್’ ಎಂದು ಸಸ್ಯಾಹಾರಿಯೊಬ್ಬರು ಹೇಳಿದರೆ ಅದು ಆಹಾರಪದ್ಧತಿಯ ವಿವರಣೆಯಾಗದೆ, ತಟ್ಟೆಯನ್ನು ತಳ್ಳಿ ಒಲ್ಲೆ ಎಂದಂತೆ ಕೇಳಿಸುತ್ತದೆ.

ಈ ‘ಒಲ್ಲೆ’ ಎಂಬ ಅರ್ಥ ‘ವೋಂಟ್’ ಒಳಗೆ ಗಟ್ಟಿಯಾಗಿಯೇ ಇದೆ. ‘ದಿ ಕಾರ್ ವೋಂಟ್ ಸ್ಟಾರ್ಟ್’ ಎಂದರೆ ಕಾರು ನಾಳೆ ಸ್ಟಾರ್ಟ್ ಆಗುವುದಿಲ್ಲ ಎಂದಲ್ಲ, ಈಗ ಎಷ್ಟು ಮಾಡಿದರೂ ಆಗುತ್ತಿಲ್ಲ ಎಂದು. ಉತ್ತರ ಕರ್ನಾಟಕದವರು ‘ಗಾಡಿ ಚಾಲೂ ಆಗವಲ್ದು’ ಎನ್ನುತ್ತಾರಲ್ಲ, ಅದು ಇದೇ ಮಾತು. ಆಗಲು ಒಲ್ಲದು ಎಂದು ಜಡವಸ್ತುವಿಗೂ ಒಂದು ಇಚ್ಛೆಯನ್ನು ಕೊಟ್ಟು ಮಾತಾಡುವ ರೀತಿ. ‘ವಿಲ್’ ಹುಟ್ಟಿದ್ದು ಬಯಕೆಯಿಂದ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ. ಇದೇ ಕಾರಣಕ್ಕೆ, ಆಮಂತ್ರಣಕ್ಕೆ ಬರಲಾಗದು ಎಂದು ತಿಳಿಸುವಾಗ ‘ಐ ವೋಂಟ್ ಕಮ್’ ಎನ್ನುವುದು ಒರಟು. ‘ಐ ವೋಂಟ್ ಬಿ ಏಬಲ್ ಟು ಕಮ್’ ಎನ್ನಬೇಕು. ‘ಬರುವುದಿಲ್ಲ’ ಎಂಬುದಕ್ಕೂ ‘ಬರಲಾಗುವುದಿಲ್ಲ’ ಎಂಬುದಕ್ಕೂ ಇರುವ ಅಂತರವೇ ಇಲ್ಲೂ ಇದೆ.

ವಾಡಿಕೆಯ ಮಾತಿನಲ್ಲಿ ‘ವಿಲ್’ ನುಸುಳುವುದು ಇದರ ಮಗ್ಗುಲಿನ ತಪ್ಪು. ‘ನಮ್ಮ ತಂದೆ ದಿನಾ ಐದಕ್ಕೆ ಏಳುತ್ತಾರೆ’ ಎಂಬುದನ್ನು ‘ಮೈ ಫಾದರ್ ವಿಲ್ ಗೆಟ್ ಅಪ್ ಅಟ್ ಫೈವ್ ಎವ್ರಿ ಡೇ’ ಎಂದು ಹೇಳುವುದು ದಕ್ಷಿಣ ಭಾರತದ ಇಂಗ್ಲಿಷಿನಲ್ಲಿ ತುಂಬಾ ಸಾಮಾನ್ಯ. ಕೇಳುವವರು ಹೊರಗಿನವರಾದರೆ, ತಂದೆ ನಾಳೆಯಿಂದ ಹೊಸ ಶಿಸ್ತು ಶುರುಮಾಡಲಿದ್ದಾರೆ ಎಂದುಕೊಳ್ಳುವ ಸಾಧ್ಯತೆಯೇ ಹೆಚ್ಚು. ‘ಗೆಟ್ಸ್ ಅಪ್’ ಎಂದಷ್ಟೇ ಹೇಳಬೇಕು. ವಾಕ್ಯದಲ್ಲಿ ‘ದಿನಾ’, ‘ಯಾವಾಗಲೂ’, ‘ಸಾಮಾನ್ಯವಾಗಿ’ ಎಂಬ ಪದಗಳು ಕೂರುತ್ತವೆಯೇ ಎಂದು ನೋಡಿಕೊಳ್ಳಿ. ಕೂತರೆ ‘ವಿಲ್’ ಬೇಡ.

ವಿಲ್ ಬದಲು ವುಡ್

ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಹೊರದೇಶದ ಮೇಲಧಿಕಾರಿಯೊಬ್ಬರಿಗೆ ‘ಐ ವುಡ್ ಸೆಂಡ್ ದಿ ರಿಪೋರ್ಟ್ ಆನ್ ಮಂಡೇ’ ಎಂದು ಬರೆದಿದ್ದೆ. ‘ವಿಲ್’ ಎಂಬುದಕ್ಕಿಂತ ‘ವುಡ್’ ಹೆಚ್ಚು ವಿನಯದ ಪದವೆಂದು ಯಾರೋ ಹೇಳಿದ್ದರು. ಅವರಿಂದ ಬಂದ ಮರುತ್ತರ ಒಂದೇ ಸಾಲಿನದು: ಕಳಿಸಲು ಅಡ್ಡಿಯಾಗಿರುವುದು ಏನು ಎಂದು. ನಾನು ಕಳಿಸುತ್ತೇನೆ ಎಂದು ಬರೆದಿದ್ದೆ, ಅವರು ಓದಿದ್ದು ‘ಕಳಿಸುತ್ತಿದ್ದೆ, ಆದರೆ...’ ಎಂದು. ‘ವುಡ್’ ಎಂಬುದು ವಿನಯವನ್ನು ತರುವುದು ಕೋರಿಕೆಯಲ್ಲಿ ಮತ್ತು ಬಯಕೆಯಲ್ಲಿ: ‘ವುಡ್ ಯು ಸೆಂಡ್ ಇಟ್?’, ‘ಐ ವುಡ್ ಲೈಕ್ ಟು’. ನಮ್ಮ ಮುಂದಿನ ಕೆಲಸವನ್ನು ತಿಳಿಸುವಾಗ ಅದು ವಿನಯವನ್ನಲ್ಲ, ಅನಿಶ್ಚಯವನ್ನು ತರುತ್ತದೆ.

‘ವುಡ್’ ತನ್ನ ಹಕ್ಕಿನಿಂದ ಬರುವ ಒಂದು ಜಾಗವಿದೆ. ‘ಬರುತ್ತೇನೆ ಎಂದ’ ಎನ್ನುವಾಗ ಕನ್ನಡ ಆಡಿದವನ ಮಾತನ್ನು ಇದ್ದಂತೆಯೇ ಇಟ್ಟು ‘ಎಂದ’ ಸೇರಿಸುತ್ತದೆ. ಇಂಗ್ಲಿಷ್ ಅದನ್ನು ಹೇಳುವವನ ಕಡೆಗೆ ತಿರುಗಿಸಿಕೊಂಡು ಭೂತಕ್ಕೆ ಹೊಂದಿಸುತ್ತದೆ: ‘ಹಿ ಸೆಡ್ ಹಿ ವುಡ್ ಕಮ್’. ‘ಹಿ ಟೋಲ್ಡ್ ಐ ವಿಲ್ ಕಮ್’ ಎಂದರೆ ಬರುವವರು ಯಾರೆಂಬುದೇ ಗೋಜಲಾಗುತ್ತದೆ. ‘ಫೋನ್ ಮಾಡೋಣ ಅಂತಿದ್ದೆ, ಅಷ್ಟರಲ್ಲಿ ನೀನೇ ಮಾಡಿದೆ’ ಎಂಬುದಕ್ಕೆ ‘ವಾಸ್ ಗೋಯಿಂಗ್ ಟು’ ಬೇಕು: ‘ಐ ವಾಸ್ ಗೋಯಿಂಗ್ ಟು ಕಾಲ್ ಯು’.

ಬಂದರೆ, ಬಂದಾಗ, ಬರುವ ತನಕ

‘ಇಫ್ ಇಟ್ ವಿಲ್ ರೈನ್, ವಿ ವಿಲ್ ಸ್ಟೇ ಹೋಮ್’ ಎಂಬ ತಪ್ಪು ನಮ್ಮವರಿಂದ ಏಕಾಗುತ್ತದೆ ಎಂಬುದು ನನಗೆ ಇಂದಿಗೂ ಬಿಡಿಸಲಾಗದ ಸಂಗತಿ, ಏಕೆಂದರೆ ಕನ್ನಡವೂ ಅಲ್ಲಿ ಭವಿಷ್ಯವನ್ನು ಬಳಸುವುದಿಲ್ಲ. ‘ಬಂದರೆ’, ‘ಬಂದಾಗ’, ‘ಬಂದ ಮೇಲೆ’, ‘ಬಂದ ಕೂಡಲೇ’ ಇವೆಲ್ಲ ಕಟ್ಟಿಕೊಂಡಿರುವುದು ‘ಬಂದ’ ಎಂಬ ಭೂತದ ರೂಪದ ಮೇಲೆ. ಇಂಗ್ಲಿಷ್ ಅದೇ ಜಾಗದಲ್ಲಿ ವರ್ತಮಾನವನ್ನು ಬಳಸುತ್ತದೆ: ‘ಇಫ್ ಇಟ್ ರೈನ್ಸ್, ವಿ ವಿಲ್ ಸ್ಟೇ ಹೋಮ್’, ‘ವೆನ್ ಹಿ ಕಮ್ಸ್, ಐಲ್ ಟೆಲ್ ಹಿಮ್’, ‘ವೇಟ್ ಅಂಟಿಲ್ ಶಿ ಕಾಲ್ಸ್’. ಭವಿಷ್ಯದ ಗುರುತು ಮುಖ್ಯ ವಾಕ್ಯಕ್ಕೆ ಮಾತ್ರ, ಅದನ್ನು ಅವಲಂಬಿಸಿದ ಭಾಗಕ್ಕಲ್ಲ. ‘ಇಫ್’, ‘ವೆನ್’, ‘ಬಿಫೋರ್’, ‘ಆಫ್ಟರ್’, ‘ಅಂಟಿಲ್’, ‘ಆಸ್ ಸೂನ್ ಆಸ್’ ಇವೆಲ್ಲಕ್ಕೂ ಇದೊಂದೇ ನಿಯಮ.

ಕಾಲೆಡವುವುದು ‘ವೆನ್’ ಮತ್ತು ‘ಇಫ್’ ಬೇರೆ ಅರ್ಥದಲ್ಲಿ ಬಂದಾಗ. ‘ಅವನು ಯಾವಾಗ ಬರುತ್ತಾನೋ ಗೊತ್ತಿಲ್ಲ’ ಎಂಬುದು ‘ಐ ಡೋಂಟ್ ನೋ ವೆನ್ ಹಿ ವಿಲ್ ಕಮ್’. ಇಲ್ಲಿ ‘ವಿಲ್’ ಬೇಕೇ ಬೇಕು. ‘ಬರುತ್ತಾನೋ ಇಲ್ಲವೋ ತಿಳಿಯದು’ ಎಂಬುದು ‘ಐ ಡೋಂಟ್ ನೋ ಇಫ್ ಹಿ ವಿಲ್ ಕಮ್’. ಪರೀಕ್ಷೆ ಸುಲಭ: ‘ವೆನ್’ ಎಂಬುದು ಕನ್ನಡದಲ್ಲಿ ‘ಯಾವಾಗ’ ಎಂದಾದರೆ ‘ವಿಲ್’ ಹಾಕಿ, ‘ಬಂದಾಗ’ ಎಂದಾದರೆ ಬಿಡಿ, ‘ಇಫ್’ ಎಂಬುದು ‘ಇಲ್ಲವೋ’ ಎಂದಾದರೆ ಹಾಕಿ, ‘ಬಂದರೆ’ ಎಂದಾದರೆ ಬಿಡಿ. ‘ಇಫ್ ಯು ವಿಲ್ ವೇಟ್ ಹಿಯರ್’ ಎಂದು ಸ್ವಾಗತಕಾರರು ಹೇಳುವುದುಂಟು. ಅದು ಭವಿಷ್ಯವಲ್ಲ, ‘ದಯಮಾಡಿ ಕಾಯುವುದಾದರೆ’ ಎಂಬ ಮರ್ಯಾದೆಯ ಮಾತು, ‘ವಿಲ್’ ಎಂಬುದರ ಹಳೆಯ ಬಯಕೆಯೇ.

ಶ್ಯಾಲ್

ನಾವು ಶಾಲೆಯಲ್ಲಿ ‘ಐ ಶ್ಯಾಲ್, ವಿ ಶ್ಯಾಲ್, ಉಳಿದವರಿಗೆಲ್ಲ ವಿಲ್’ ಎಂದು ಕಲಿತೆವು. ಈ ನಿಯಮವನ್ನು ಅಚ್ಚುಕಟ್ಟಾಗಿ ಬರೆದಿಟ್ಟವನು ಜಾನ್ ವಾಲಿಸ್, ಗಣಿತದಲ್ಲಿ ಅನಂತದ ಚಿಹ್ನೆಯನ್ನು ಬಳಕೆಗೆ ತಂದ ಆಕ್ಸ್‌ಫರ್ಡಿನ ಪ್ರಾಧ್ಯಾಪಕ. 1653ರಲ್ಲಿ ಅವನು ಲ್ಯಾಟಿನ್ನಿನಲ್ಲಿ ಬರೆದ ಇಂಗ್ಲಿಷ್ ವ್ಯಾಕರಣದಲ್ಲಿ, ಉತ್ತಮ ಪುರುಷದಲ್ಲಿ ‘ಶ್ಯಾಲ್’ ಬರಿಯ ಸೂಚನೆ ಮತ್ತು ‘ವಿಲ್’ ವಾಗ್ದಾನ ಅಥವಾ ಬೆದರಿಕೆ ಎಂದೂ, ಮಧ್ಯಮ ಮತ್ತು ಪ್ರಥಮ ಪುರುಷಗಳಲ್ಲಿ ಇದು ತಿರುಗಿ ನಿಲ್ಲುತ್ತದೆ ಎಂದೂ ವಿಧಿಸಿದ. ಇಂಗ್ಲಿಷ್ ಮಾತನಾಡುವವರು ಈ ವಿಧಿಯನ್ನು ಯಾವ ಕಾಲದಲ್ಲೂ ಪೂರ್ತಿಯಾಗಿ ಪಾಲಿಸಲಿಲ್ಲ. ಇಂದಂತೂ ಎಲ್ಲ ಪುರುಷಗಳಿಗೂ ‘ವಿಲ್’ ಸಾಕು. ‘ಶ್ಯಾಲ್’ ಮಾತಿನಲ್ಲಿ ಜೀವಂತವಾಗಿರುವುದು ‘ಶ್ಯಾಲ್ ಐ ಓಪನ್ ದಿ ವಿಂಡೋ?’, ‘ಶ್ಯಾಲ್ ವಿ ಗೋ?’ ಎಂಬ ಪ್ರಶ್ನೆಗಳಲ್ಲಿ, ಅಂದರೆ ‘ತೆಗೆಯಲೇ?’, ‘ಹೋಗೋಣವೇ?’ ಎಂದು ಒಪ್ಪಿಗೆ ಕೇಳುವಾಗ.

ಇನ್ನೊಂದು ಜಾಗ ಕಾನೂನು. ‘ದೇರ್ ಶ್ಯಾಲ್ ಬಿ ಎ ಪ್ರೆಸಿಡೆಂಟ್ ಆಫ್ ಇಂಡಿಯಾ’ ಎನ್ನುತ್ತದೆ ನಮ್ಮ ಸಂವಿಧಾನದ 52ನೆಯ ವಿಧಿ. ಅದು ಮುಂದೊಂದು ದಿನ ರಾಷ್ಟ್ರಪತಿ ಬರುತ್ತಾರೆಂಬ ಭವಿಷ್ಯವಾಣಿಯಲ್ಲ, ಇರಲೇಬೇಕೆಂಬ ಕಟ್ಟಳೆ. ಕನ್ನಡದ ಕಾನೂನು ಬರಹದ ‘ತಕ್ಕದ್ದು’ ಎಂಬುದಕ್ಕೆ ಸಮನಾದದ್ದು. ಬಾಡಿಗೆ ಕರಾರಿನಲ್ಲಿ ‘ದಿ ಟೆನೆಂಟ್ ಶ್ಯಾಲ್ ಪೇ’ ಎಂದಿದ್ದರೆ ಬಾಡಿಗೆದಾರ ಕೊಡತಕ್ಕದ್ದು. ಸ್ನೇಹಿತನಿಗೆ ‘ಯು ಶ್ಯಾಲ್ ಕಮ್’ ಎಂದು ಬರೆಯಬಾರದೆನ್ನುವುದು ಇದಕ್ಕೇ.

ಮಾಡುತ್ತಿರುತ್ತೇನೆ, ಮಾಡಿರುತ್ತೇನೆ

ಉಳಿದ ಎರಡು ರೂಪಗಳು ಕನ್ನಡಕ್ಕೆ ನೇರವಾಗಿ ಒಪ್ಪುವುದರಿಂದ ಇವನ್ನು ಕಲಿಯುವುದು ಸಲೀಸು. ‘ಎಂಟು ಗಂಟೆಗೆ ಊಟ ಮಾಡುತ್ತಿರುತ್ತೇನೆ, ಆಗ ಫೋನ್ ಮಾಡಬೇಡ’ ಎಂಬಲ್ಲಿಯ ‘ಮಾಡುತ್ತಿರುತ್ತೇನೆ’ಗೆ ‘ವಿಲ್ ಬಿ’ ಜೊತೆಗೆ ‘ಇಂಗ್’: ‘ಐಲ್ ಬಿ ಹ್ಯಾವಿಂಗ್ ಡಿನ್ನರ್ ಅಟ್ ಏಟ್’. ಇದೇ ರೂಪ ಮುಜುಗರವಿಲ್ಲದೆ ವಿಚಾರಿಸಲೂ ಒದಗುತ್ತದೆ. ‘ವಿಲ್ ಯು ಯೂಸ್ ದಿ ಕಾರ್ ಟುನೈಟ್?’ ಎಂದರೆ ಕೋರಿಕೆಯ ವಾಸನೆ ಹೊಡೆಯುತ್ತದೆ, ‘ವಿಲ್ ಯು ಬಿ ಯೂಸಿಂಗ್ ದಿ ಕಾರ್ ಟುನೈಟ್?’ ಎಂದರೆ ‘ನಿಮಗೆ ಹೇಗೂ ಬೇಕಾಗಿದೆಯೇ’ ಎಂದು ಸುಮ್ಮನೆ ತಿಳಿದುಕೊಂಡಂತಾಗುತ್ತದೆ.

‘ನೀವು ಬರುವಷ್ಟರಲ್ಲಿ ಅಡುಗೆ ಮುಗಿಸಿರುತ್ತೇನೆ’ ಎಂಬಲ್ಲಿಯ ‘ಮುಗಿಸಿರುತ್ತೇನೆ’ಗೆ ‘ವಿಲ್ ಹ್ಯಾವ್’ ಮತ್ತು ಕ್ರಿಯಾಪದದ ಮೂರನೆಯ ರೂಪ: ‘ಐಲ್ ಹ್ಯಾವ್ ಫಿನಿಶ್ಡ್ ಕುಕಿಂಗ್ ಬೈ ದಿ ಟೈಮ್ ಯು ಕಮ್’. ‘ಅಷ್ಟರಲ್ಲಿ’, ‘ಅಷ್ಟೊತ್ತಿಗೆ’ ಎಂಬುದಕ್ಕೆ ‘ಬೈ’ ಸರಿಯಾದ ಪದ. ‘ಅವನು ಈಗಾಗಲೇ ಊರು ತಲುಪಿರುತ್ತಾನೆ’ ಎಂದು ಆದದ್ದನ್ನೇ ಊಹಿಸಿ ಹೇಳುವುದಕ್ಕೂ ಇದೇ ರೂಪ, ‘ಹಿ ವಿಲ್ ಹ್ಯಾವ್ ರೀಚ್ಡ್ ಹೋಮ್ ಬೈ ನೌ’. ಶಾಲೆಯ ಕೋಷ್ಟಕದ ನಾಲ್ಕನೆಯ ಮನೆಯಲ್ಲಿರುವ ‘ವಿಲ್ ಹ್ಯಾವ್ ಬೀನ್ ವರ್ಕಿಂಗ್’ ಎಂಬುದು ‘ಬರುವ ಜೂನ್‌ಗೆ ಇಲ್ಲಿ ಕೆಲಸ ಮಾಡಲು ಶುರುಮಾಡಿ ಹತ್ತು ವರ್ಷವಾಗುತ್ತದೆ’ ಎಂಬಂಥ ವಾಕ್ಯಕ್ಕೆ ಬೇಕಾಗುತ್ತದೆ. ವರ್ಷಕ್ಕೊಮ್ಮೆ ಬಳಸಿದರೆ ಹೆಚ್ಚು.

ಕಾಲವನ್ನು ಸೂಚಿಸುವ ಪದಗಳಲ್ಲೂ ಒಂದು ಉಳುಕಿದೆ. ‘ಇನ್ ಟೂ ಡೇಸ್’ ಎಂದರೆ ಇಂದಿನಿಂದ ಎರಡು ದಿನ ಕಳೆದಾಗ. ಎರಡು ದಿನದ ಒಳಗೆ ಎಂಬುದಕ್ಕೆ ‘ವಿದಿನ್ ಟೂ ಡೇಸ್’ ಬೇಕು. ‘ನಾಡಿದ್ದು’ ಎಂದು ನಾವು ಒಂದೇ ಪದದಲ್ಲಿ ಮುಗಿಸುವುದಕ್ಕೆ ಇಂಗ್ಲಿಷಿಗೆ ‘ದಿ ಡೇ ಆಫ್ಟರ್ ಟುಮಾರೋ’ ಎಂಬಷ್ಟು ಉದ್ದ ಬೇಕಾಗುತ್ತದೆ, ‘ಆಚೆ ನಾಡಿದ್ದು’ ಎಂಬುದಕ್ಕಂತೂ ದಿನದ ಹೆಸರನ್ನೇ ಹೇಳುವುದು ಕ್ಷೇಮ.

ಈಗ ಒಂದು ಮೇಲ್ ತೆಗೆದುಕೊಳ್ಳೋಣ, ನಮ್ಮಲ್ಲಿ ಯಾರಾದರೂ ಬರೆದಿರಬಹುದಾದದ್ದು. ‘ಐ ವುಡ್ ಬಿ ಆನ್ ಲೀವ್ ಫ್ರಮ್ ಮಂಡೇ. ಮೈ ಸಿಸ್ಟರ್ಸ್ ಮ್ಯಾರೇಜ್ ವಿಲ್ ಬಿ ದೇರ್ ಆನ್ ವೆಡ್ನೆಸ್‌ಡೇ. ಐ ಡೋಂಟ್ ಅಟೆಂಡ್ ಟ್ಯೂಸ್‌ಡೇಸ್ ಮೀಟಿಂಗ್. ಇಫ್ ಎನಿಥಿಂಗ್ ವಿಲ್ ಬಿ ಅರ್ಜೆಂಟ್, ಐ ವಿಲ್ ಕ್ಯಾನ್ ಟೇಕ್ ಕಾಲ್ಸ್ ಆಫ್ಟರ್ ಸಿಕ್ಸ್. ಬಿಫೋರ್ ಐ ವಿಲ್ ಗೋ, ಐ ವಿಲ್ ಫಿನಿಶ್ ದಿ ರಿಪೋರ್ಟ್.’

ಮೊದಲ ಸಾಲಿನಲ್ಲಿ ರಜೆ ಖಚಿತವಾದ್ದರಿಂದ ‘ವುಡ್’ ಹೋಗಿ ‘ವಿಲ್’ ಬರಬೇಕು. ಮದುವೆ ನಿಶ್ಚಯವಾದ ಏರ್ಪಾಡು, ಆದ್ದರಿಂದ ‘ಇಂಗ್’ ರೂಪ. ಮೀಟಿಂಗಿಗೆ ಬರುವುದಿಲ್ಲ ಎಂಬುದು ವಾಡಿಕೆಯಲ್ಲ, ಹಟವೂ ಅಲ್ಲ, ಬರಲಾಗದಿರುವುದು. ‘ಇಫ್’ ಇರುವಲ್ಲಿ ವರ್ತಮಾನ ಸಾಕು, ‘ವಿಲ್’ ಪಕ್ಕ ‘ಕ್ಯಾನ್’ ಕೂರದು. ಕೊನೆಯ ಸಾಲಿನಲ್ಲಿ ‘ಬಿಫೋರ್’ ಆದ ಮೇಲಿನ ‘ವಿಲ್’ ತೆಗೆದರೆ ವ್ಯಾಕರಣ ಸರಿಯಾಗುತ್ತದೆ, ಆದರೆ ಓದುವವರಿಗೆ ಬೇಕಿರುವುದು ನೀವು ಎಂದು ಹೋಗುತ್ತೀರಿ ಎಂಬುದಕ್ಕಿಂತ ವರದಿ ಎಷ್ಟೊತ್ತಿಗೆ ಮುಗಿದಿರುತ್ತದೆ ಎಂಬುದು. ‘ಐ ವಿಲ್ ಬಿ ಆನ್ ಲೀವ್ ಫ್ರಮ್ ಮಂಡೇ. ಮೈ ಸಿಸ್ಟರ್ ಈಸ್ ಗೆಟಿಂಗ್ ಮ್ಯಾರೀಡ್ ಆನ್ ವೆಡ್ನೆಸ್‌ಡೇ. ಐ ವೋಂಟ್ ಬಿ ಏಬಲ್ ಟು ಅಟೆಂಡ್ ಟ್ಯೂಸ್‌ಡೇಸ್ ಮೀಟಿಂಗ್. ಇಫ್ ಎನಿಥಿಂಗ್ ಈಸ್ ಅರ್ಜೆಂಟ್, ಐ ಕ್ಯಾನ್ ಟೇಕ್ ಕಾಲ್ಸ್ ಆಫ್ಟರ್ ಸಿಕ್ಸ್. ಐ ವಿಲ್ ಹ್ಯಾವ್ ಫಿನಿಶ್ಡ್ ದಿ ರಿಪೋರ್ಟ್ ಬೈ ಫ್ರೈಡೇ ಈವ್ನಿಂಗ್.’ ನಾಲ್ಕನೆಯ ಸಾಲಿನಲ್ಲಿ ‘ವಿಲ್ ಬಿ ಏಬಲ್ ಟು’ ಹಾಕದೆ ಬರಿಯ ‘ಕ್ಯಾನ್’ ಉಳಿಸಿದ್ದೇನೆ. ‘ಆರರ ಮೇಲೆ ಸಿಗಬಲ್ಲೆ’ ಎಂಬ ಮಾತಿಗೆ ಭವಿಷ್ಯದ ಗುರುತೇ ಬೇಡ, ‘ಆಫ್ಟರ್ ಸಿಕ್ಸ್’ ಆ ಕೆಲಸವನ್ನು ಮಾಡಿಬಿಟ್ಟಿದೆ.